ಸವೆಯದ ಬೆಲ್ಟು

ಇಪ್ಪತ್ತಮೂರು ವರ್ಷ ಲಿಫ್ಟುಗಳ ಉಕ್ಕಿನ ಹಗ್ಗವನ್ನು ಕೈಯಾರೆ ಸವರಿ ನೋಡಿದ ಆ ಮೆಕ್ಯಾನಿಕ್‌ನನ್ನು ಜೊತೆಯವರೆಲ್ಲ ‘ಹಗ್ಗದಣ್ಣ’ ಅನ್ನುತ್ತಿದ್ದರು. ಈಗ ಹಗ್ಗ ಹೋಗಿ ಬೆಲ್ಟು ಬಂದಿತ್ತು. ಮೂರು ಬೆರಳಗಲದ ಕಪ್ಪು ಪಟ್ಟಿ. ಒಳಗೆ ಉಕ್ಕಿನ ಎಳೆಗಳು, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಒಳಗಿನ ಎಳೆ ತುಂಡಾದರೆ ಕಣ್ಣಿಗೆ ಕಾಣದು. ಅದನ್ನು ಕಾಯಲೆಂದೇ ಒಂದು ಪೆಟ್ಟಿಗೆ: ಸರಿಯಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು.

ಅವನ ತಂಗಿಯಿದ್ದ ಒಂಬತ್ತು ಮಹಡಿಯ ಕಟ್ಟಡದಲ್ಲಿ ದೀಪವೇನೋ ಹಸಿರಾಗಿಯೇ ಇತ್ತು. ಆದರೆ ಬೆಲ್ಟಿನ ಅಂಚು ಸುಲಿದು ಎಳೆ ಇಣುಕುತ್ತಿತ್ತು. ಹಗ್ಗದಣ್ಣ ಮೂರು ಸಲ ವರದಿ ಬರೆದ.

“ದೀಪ ಹಸಿರಿದೆಯಲ್ಲ, ಮಷೀನಿಗಿಂತ ನಿನ್ನ ಕಣ್ಣೇ ದೊಡ್ಡದಾ?” ಅಂದರು ಅವನ ಲಿಫ್ಟು ಕಂಪನಿಯ ಮ್ಯಾನೇಜರು.

ನಾಲ್ಕನೇ ಸಲ ಅವನು ಪೆಟ್ಟಿಗೆಯನ್ನೇ ಬಿಚ್ಚಿದ. ಬೆಲ್ಟಿನಿಂದ ಬಂದ ವೈರು ತುಂಡಾಗಿ ಜೋತಾಡುತ್ತಿತ್ತು. ಅದರ ಜಾಗಕ್ಕೆ ಯಾರೋ ತುಂಡು ವೈರು ಸಿಕ್ಕಿಸಿ, ದೀಪ ಸದಾ ಹಸಿರಾಗಿರುವಂತೆ ಮಾಡಿದ್ದರು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಫೋಟೋ ತೆಗೆದು, ಲಿಫ್ಟು ನಿಲ್ಲಿಸಿದ. ಮರುದಿನವೇ ಮ್ಯಾನೇಜರು ಬೇರೆಯವರನ್ನು ಕಳಿಸಿ ಅದನ್ನು ಓಡಿಸಿದರು. ಗಾಬರಿಯಾದ ನಿವಾಸಿಗಳ ಬಾಯಿ ಮುಚ್ಚಿಸಲು ಭಾನುವಾರ ಸಭೆಯನ್ನೂ ಕರೆದರು.

ಸಭೆಯಲ್ಲಿ ಪರದೆಯ ಮೇಲೆ ಲಿಫ್ಟೊಂದು ಬೆಣ್ಣೆಯಂತೆ ಜಾರಿ ಮೇಲೇರಿತು. “ನೋಡಿ, ನಿಮ್ಮದೇ ಲಿಫ್ಟಿನ ಕಂಪ್ಯೂಟರ್ ಮಾದರಿ. ಸಾವಿರ ಸಲ ಓಡಿಸಿದ್ದೀವಿ, ಬೆಲ್ಟಿಗೆ ಒಂದು ಗೀರೂ ಇಲ್ಲ,” ಅಂದರು ಮ್ಯಾನೇಜರು.

ಹಗ್ಗದಣ್ಣನ ತಂಗಿ ಧಡಕ್ಕನೆ ಎದ್ದು ನಿಂತಳು. ಅವಳು ಗಣಿತದ ಟೀಚರ್. ರಜೆಯಲ್ಲಿ ಕಂಪ್ಯೂಟರಿನಲ್ಲಿ ಲಿಫ್ಟು ಕಟ್ಟಿ, ಯಾರು ಬೇಕಾದರೂ ಆಡಿಕೊಳ್ಳಲಿ ಎಂದು ನೆಟ್ಟಿಗೆ ಹಾಕುವುದು ಅವಳ ಹುಚ್ಚು.

“ಅದು ನಾನು ಮಾಡಿದ್ದು! ನನ್ನನ್ನ ಒಂದು ಮಾತಾದ್ರೂ ಕೇಳಿದ್ರಾ? ಅದರಲ್ಲಿ ಬೆಲ್ಟು ಸವೆಯಲ್ಲ ನಿಜ. ಯಾಕೆ ಗೊತ್ತಾ? ಸವೆಯೋದನ್ನ ನಾನು ಬರೆದೇ ಇಲ್ಲ. ಅದು ಆಟ ಸ್ವಾಮಿ! ಮೇಲೆ ನೇತಾಡ್ತಿರೋದು ಆಟ ಅಲ್ಲ.”

ಹಗ್ಗದಣ್ಣ ತನ್ನ ಫೋನು ಮುಂದೆ ಹಿಡಿದ. “ಇದು ನಿಮ್ಮ ಹಸಿರು ದೀಪದ ಹೊಟ್ಟೆ. ಎಲ್ರೂ ನೋಡಿ.”

ಫೋನು ಕೈಯಿಂದ ಕೈಗೆ ಹೋಯಿತು. ಆ ಸಂಜೆ ನಿವಾಸಿಗಳೇ ಲಿಫ್ಟಿಗೆ ಬೀಗ ಜಡಿದರು. ಹನ್ನೆರಡು ದಿನದಲ್ಲಿ ಹೊಸ ಬೆಲ್ಟು ಬಂತು. ವೈರು ಕತ್ತರಿಸಿದ್ದು ಯಾರೆಂದು ಕಂಪನಿಯಲ್ಲಿ ಯಾರೂ ಕೇಳಲಿಲ್ಲ. ನೋಟಿಸು ಬಂದದ್ದು ಹಗ್ಗದಣ್ಣನಿಗೆ: ಅಪ್ಪಣೆಯಿಲ್ಲದೆ ಪೆಟ್ಟಿಗೆ ಬಿಚ್ಚಿದ್ದಕ್ಕೆ ಕ್ಷಮಾಪಣೆ ಬರೆದುಕೊಡಬೇಕಂತೆ!

ಅವನು ಬರೆಯಲಿಲ್ಲ. ನೋಟಿಸಿಗೆ ಫೋಟೋ ಲಗತ್ತಿಸಿ, ಲಿಫ್ಟು ತಪಾಸಣೆಯ ಸರ್ಕಾರಿ ಕಚೇರಿಗೆ ಒಯ್ದ.

“ಇಟ್ಟು ಹೋಗಿ, ನೋಡೋಣ,” ಅಂದ ಗುಮಾಸ್ತ.

“ಇಟ್ಟು ಹೋಗಲ್ಲ. ಸೀಲು ಹಾಕಿ ರಸೀದಿ ಕೊಡಿ,” ಎಂದು ಹಗ್ಗದಣ್ಣ ಎದುರಿನ ಬೆಂಚಿನ ಮೇಲೆ ಜಗ್ಗದೆ ಕೂತ.