ದೊಡ್ಡಪ್ಪ ಬೇಕೆಂದೇ ಬಿಟ್ಟಿದ್ದ ಹೊಲಿಗೆ

ಹನೂರು ಬಸ್‌ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕೆಂಪನಂಜಪ್ಪನವರ ಟೈಲರ್ ಅಂಗಡಿ ಇದೆ. ಅವರು ಗಂಡಸರ ಬಟ್ಟೆ ಹೊಲಿಯುತ್ತಾರೆ, ಯಶೋದ ಎಂಬ ನಾನು ಬ್ಲೌಸ್ ಹೊಲಿಯುತ್ತೇನೆ. ರಕ್ತಸಂಬಂಧವಿಲ್ಲದಿದ್ದರೂ ನನಗೆ ಅವರು ದೊಡ್ಡಪ್ಪ. ಕತ್ತರಿ ಹಿಡಿಯುವುದನ್ನು ಕಲಿಸಿದವರೇ ಅವರು. ತಮ್ಮೂರು ಹೂಗ್ಯಂನಿಂದ ಮೊದಲ ಬಸ್ಸಿಗೆ ಬಂದು, ಮಿಷನ್ನಿಗೆ ಎಣ್ಣೆ ಬಿಟ್ಟು, ನಾನು ಬರುವಷ್ಟರಲ್ಲಿ ಒಂದು ಪ್ಯಾಂಟು ಮುಗಿಸಿರುತ್ತಿದ್ದ ಮನುಷ್ಯ. ಅಂಥವರಿಗೆ ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಬೈಯುವವರು ಬೈಯಿರಿ.

ಕಳೆದ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳ ಕುಣಿತಕ್ಕೆ ಗುರುಪ್ರಕಾಶ್ ಮೇಷ್ಟ್ರು ಹನ್ನೆರಡು ವೇಸ್ಟ್‌ಕೋಟು ಹೊಲಿಯಲು ಹೇಳಿದರು. ಮೇಲೆ ಕೆಂಪು ಬಟ್ಟೆ, ಒಳಗೆ ಹಳದಿ ಲೈನಿಂಗ್. ದೊಡ್ಡಪ್ಪ ಎರಡರ ಮುಖಕ್ಕೆ ಮುಖ ಸೇರಿಸಿ ಕತ್ತು, ತೋಳು, ಅಂಚು ಎಲ್ಲ ಹೊಲಿದು, ಪಕ್ಕಗಳನ್ನು ಮಾತ್ರ ಹಾಗೇ ಬಿಟ್ಟಿದ್ದರು. ಅಲ್ಲಿಂದ ಕೈ ಹಾಕಿ ಎಳೆದರೆ ದಿಂಬಿನ ಚೀಲದ ಹಾಗೆ ಒಳಗಿನ ಮುಖ ಹೊರಗೆ ಬರುತ್ತದೆ. ಪಕ್ಕ ಕೂಡಿಸುವುದು ಆಮೇಲೆ. ಇದು ನನಗೆ ಗೊತ್ತಿರಲಿಲ್ಲ. ಬ್ಲೌಸಿಗಾದರೆ ಲೈನಿಂಗ್ ಇಟ್ಟು ಸುತ್ತ ಒಂದು ಹೊಲಿಗೆ ಓಡಿಸಿಬಿಡುವುದು ನನ್ನ ರೂಢಿ. ದೊಡ್ಡಪ್ಪ ಊಟಕ್ಕೆ ಹೋದಾಗ, ಪಾಪ, ಮರೆತಿದ್ದಾರೆ ಅಂದುಕೊಂಡು ಹನ್ನೆರಡರ ಪಕ್ಕವನ್ನೂ ಟರ್ರನೆ ಮುಚ್ಚಿದೆ. ಉಪಕಾರ ಮಾಡಿದೆನೆಂಬ ಜಂಬ ಬೇರೆ!

ಸಂಜೆ ಮೇಷ್ಟ್ರು ಬಂದರು. ದೊಡ್ಡಪ್ಪ ಕೋಟು ತಿರುಗಿಸಲು ಹೋದರೆ ಕೈ ತೂರಲು ಜಾಗವೇ ಇಲ್ಲ.

"ಏನ್ರೀ ಇದು, ನಾಳಿದ್ದು ಪ್ರೋಗ್ರಾಂ ಇಟ್ಕೊಂಡು!" ಅಂತ ಮೇಷ್ಟ್ರು ಕೂಗಾಡಿದರು.

ಯಾರ ತಪ್ಪು ಅಂತ ನನಗೆ ಆಗಲೇ ತಿಳಿಯಿತು. ತಿಳಿದೂ ನನ್ನ ಹಾಳು ಬಾಯಿ ಏನಂದಿತು ಗೊತ್ತೇ? "ದೊಡ್ಡಪ್ಪಂಗೆ ವಯಸ್ಸಾಯ್ತು ಸಾ. ಎಲ್ಲಿ ಹೊಲುದ್ರು, ಎಲ್ಲಿ ಬುಟ್ರು ಅಂತ ಗ್ಯಾನ ಇರಕಿಲ್ಲ."

ದೊಡ್ಡಪ್ಪ ನನ್ನತ್ತ ನೋಡಲಿಲ್ಲ, ತಮ್ಮ ಕೈಯನ್ನೇ ನೋಡಿಕೊಂಡರು. ಮಾರನೇ ದಿನವೆಲ್ಲ ಬ್ಲೇಡು ಹಿಡಿದು ಒಂದೊಂದೇ ಪಕ್ಕ ಬಿಚ್ಚಿದರು.

"ಹೊಲ್ದಿದ್ದ ನೆಪ್ಪೇ ಇಲ್ವಲ್ಲಮ್ಮಿ," ಅಂದರು. "ತಲೆನೇ ಓಯ್ತು ಅಂತ ಕಾಣ್ತದೆ."

ಆಗಲಾದರೂ ಬಾಯಿ ಬಿಡಬಾರದಿತ್ತೇ? ಬಿಡಲಿಲ್ಲ. ಕೋಟು ಕೊಟ್ಟ ದಿನವೇ ಅವರು ಮಿಷನ್ನಿಗೆ ಬಟ್ಟೆ ಹೊದಿಸಿದರು. "ಇನ್ಮ್ಯಾಕೆ ಜನಗಳ ಬಟ್ಟೆ ಕೆಡಿಸಬಾರ್ದು" ಅಂದು ಊರಿಗೆ ಹೋದವರು ನಾಲ್ಕು ತಿಂಗಳು ಬರಲಿಲ್ಲ. ಅಷ್ಟರಲ್ಲಿ ಅವರ ಮಿಷನ್ನಿನ ಮೇಲೆ ನನ್ನ ಬ್ಲೌಸಿನ ಗಂಟು ಇಡತೊಡಗಿದೆ ನೋಡಿ, ಎಂಥ ಹೆಂಗಸು ನಾನು!

ಮೊನ್ನೆ ಸಂತೆಯಲ್ಲಿ ಅವರ ಹೆಂಡತಿ ದೊಡ್ಡಬಸಮ್ಮ ಸಿಕ್ಕರು. "ಉಂಡ್ ಮ್ಯಾಲೂ ನಾ ಉಂಡ್ನಾ ಅಂತ ನನ್ನೇ ಕೇಳ್ತರೆ ಕಣವ್ವ. ದಾರಿ ತಪ್ತದೆ ಅಂತ ಒಬ್ರೇ ಹೊಲಕ್ಕೂ ಓಗಕಿಲ್ಲ," ಅಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾರನೇ ಬೆಳಿಗ್ಗೆ ಹೂಗ್ಯಂ ಬಸ್ಸು ಹತ್ತಿದೆ. ದೊಡ್ಡಪ್ಪ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಹೋದವಳೇ ಕಾಲು ಹಿಡಿದೆ.

"ಆ ಪಕ್ಕ ಮುಚ್ಚಿದ್ದು ನಾನು ದೊಡ್ಡಪ್ಪ. ನೀವೇನೂ ಮರ್ತಿರ್ನಿಲ್ಲ. ಗೊತ್ತಿದ್ದೂ ಮೇಷ್ಟ್ರ ಮುಂದೆ ನಿಮ್ ಮ್ಯಾಲೆ ಹಾಕ್ಬುಟ್ಟೆ."

ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಮನೆಯೊಳಕ್ಕೆ ತಿರುಗಿ, "ಲೇ ಬಸಮ್ಮೀ, ನನ್ ತಲೆ ಕೆಟ್ಟಿಲ್ವಂತೆ ಕಣೇ!" ಅಂತ ಕೂಗಿದರು. ಕೂಗುತ್ತಲೇ ಅಳತೊಡಗಿದರು.

ನಾನು ಅಲ್ಲೇ ಮೇಷ್ಟ್ರಿಗೆ ಫೋನ್ ಮಾಡಿ, ದೊಡ್ಡಪ್ಪನಿಗೂ ಕೇಳುವಂತೆ ಎಲ್ಲ ಹೇಳಿದೆ. ದೊಡ್ಡಪ್ಪ ಟವಲಿನಲ್ಲಿ ಮುಖ ಒರೆಸಿಕೊಂಡರು.

"ನನ್ ಮಿಷನ್ ಮ್ಯಾಲೆ ಏನಾರ ಇಟ್ಟಿದ್ದೀಯೇನಮ್ಮಿ?"

"ಬ್ಲೌಸಿನ ಗಂಟು ಇಟ್ಟಿವ್ನಿ," ಅಂದೆ. ತಲೆ ಎತ್ತಲಾಗಲಿಲ್ಲ.

"ತಗ್ದಿಡು. ನಾಳೆ ಬತ್ತೀನಿ."