ಅಣ್ಣ ತಯಾರು ಮಾಡಿದ ಮಕ್ಕಳು

ನಮ್ಮಣ್ಣ ವಿಶ್ವವಿದ್ಯಾಲಯದ ಕೊನೆಯ ವರ್ಷದ ಮಕ್ಕಳಿಗೆ ಕೆಲಸ ಗಿಟ್ಟಿಸುವುದನ್ನು ಕಲಿಸುತ್ತಾನೆ. ಹನ್ನೆರಡು ವರ್ಷದಿಂದ ಅದೇ ಕೋಣೆ, ಅದೇ ಉದ್ದನೆಯ ಮೇಜು, ಎದುರಿಗೆ ಒಂದೇ ಒಂದು ಕುರ್ಚಿ. ಸಂದರ್ಶನದ ಅಭ್ಯಾಸದಲ್ಲಿ ಯಾರ ಬಾಯಿಂದಲಾದರೂ ‘ಗೊತ್ತಿಲ್ಲ’ ಎಂಬ ಮಾತು ಬಂತೋ, ಮುಗಿಯಿತು. ಎದ್ದು ಆಚೆ ಹೋಗಬೇಕು, ಬಾಗಿಲು ತಟ್ಟಿ ಒಳಗೆ ಬಂದು ಮೊದಲಿನಿಂದ ಶುರು ಮಾಡಬೇಕು. ಒಬ್ಬನಂತೂ ಹದಿನಾಲ್ಕು ಸಲ ಬಾಗಿಲು ತಟ್ಟಿದನಂತೆ. ಹದಿನೈದನೆಯ ಸಲ ಬಂದಾಗ ಅವನಿಗೆ ಎಲ್ಲವೂ ಗೊತ್ತಿತ್ತು ಎಂದು ಅಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ನಾನೂ ನಗುತ್ತಿದ್ದೆ. ಅವನ ಕೈಯಲ್ಲಿ ಪಳಗಿದವರಿಗೆ ಕೆಲಸ ಸಿಗುತ್ತಿತ್ತಲ್ಲ, ತಕರಾರು ತೆಗೆಯಲು ನಾನ್ಯಾರು? ನನ್ನ ಮಗಳನ್ನೂ ಅದೇ ಕುರ್ಚಿಗೆ ಕಳಿಸಿದೆ. ಮೂಗು ಮುರಿಯುತ್ತಾ ಹೋದವಳು ಎರಡು ತಿಂಗಳಲ್ಲಿ ಅರಳು ಹುರಿದಂತೆ ಮಾತಾಡತೊಡಗಿದಳು. ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ, ಉಗಿ ಮಾಡುವ ಬಾಯ್ಲರ್ ನೋಡಿಕೊಳ್ಳಲು, ಮೊದಲ ಸಂದರ್ಶನಕ್ಕೇ ಕೆಲಸ ಸಿಕ್ಕಿತು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಇವತ್ತು ಭಾನುವಾರ, ಅಣ್ಣ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಮಗಳು ತಟ್ಟೆ ಕೆದಕುತ್ತಾ ಕೂತಿದ್ದಳು, ಒಂದು ತುತ್ತೂ ಬಾಯಿಗೆ ಹೋಗಿರಲಿಲ್ಲ.

“ಮಾವ, ಬಾಯ್ಲರಲ್ಲಿ ನೀರು ತುಂಬಾ ಇಳಿದ್ರೆ ಮೊದಲು ಬೆಂಕಿ ಆರಿಸ್ಬೇಕಾ, ನೀರು ಬಿಡ್ಬೇಕಾ?”

“ನನ್ನ ಕೇಳ್ತೀಯಲ್ಲೇ! ಬಾಯ್ಲರ್ ಹತ್ರ ಇರೋಳು ನೀನು.”

“ಇಷ್ಟು ದಿನ ಹಳೇ ಆಪರೇಟರ್ ನಡೆಸ್ತಿದ್ರು. ನಿನ್ನೆ ರಿಟೈರ್ ಆದ್ರು. ನಾಳೆಯಿಂದ ನಾನೊಬ್ಬಳೇ.”

“ಅವರು ಹೇಳಿಕೊಟ್ಟಿಲ್ವಾ?”

“ಗೊತ್ತಿರೋಳಿಗೆ ಏನು ಹೇಳಿಕೊಡೋದು ಅಂತಿದ್ರು. ಕಾಲೇಜಲ್ಲಿ ಒಂದು ವರ್ಷ ನಡೆಸಿದ್ದೀನಿ ಅಂತ ಇಂಟರ್‌ವ್ಯೂನಲ್ಲಿ ಹೇಳಿದ್ನಲ್ಲ. ನಾನು ನೋಡಿರೋದು ಪುಸ್ತಕದ ಚಿತ್ರ ಮಾತ್ರ.”

ತಪ್ಪಿ ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದರೆ ಬಾಯ್ಲರೇ ಸಿಡಿಯುತ್ತದಂತೆ. ಗೋಡೆಯಾಚೆಯೇ ನಲವತ್ತು ಜನ ಕೆಲಸ ಮಾಡುತ್ತಾರಂತೆ.

“ನಾಳೆ ಹೋದ ತಕ್ಷಣ ಗೊತ್ತಿಲ್ಲ ಅಂತ ಹೇಳ್ಬಿಡು,” ಅಂದ ಅಣ್ಣ.

“ಮೂರು ತಿಂಗಳಾದ್ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

ನನಗೆ ಸಿಟ್ಟು ನೆತ್ತಿಗೇರಿತು. “ಅಣ್ಣ, ಕಲಿಸಿದೋನು ನೀನು. ನೀನೇ ಫೋನ್ ಮಾಡು,” ಎಂದೆ.

ಅಣ್ಣ ಕಾರ್ಖಾನೆಯ ಮ್ಯಾನೇಜರಿಗೆ ಫೋನು ಹಚ್ಚಿ, ನಮಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ಹೆಸರು ಹೇಳಿದ್ದೇ ತಡ, ಆ ಕಡೆಯವನು ಹಿಗ್ಗಿ ಹೋದ. “ಸಾರ್, ನೀವಾ! ನಾನು ನಿಮ್ಮ ಎರಡನೇ ಬ್ಯಾಚು!”

ಅಣ್ಣ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ. ಮ್ಯಾನೇಜರ್ ಬೇಜಾರು ಮಾಡಿಕೊಳ್ಳಲಿಲ್ಲ. “ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ ಸಾರ್? ನಾಳೆ ನಾನೇ ಪಕ್ಕದಲ್ಲಿ ನಿಂತು ಹೇಳಿಕೊಡ್ತೀನಿ.”

ಹೋದ ಜೀವ ಬಂದಂತಾಯಿತು. ಆದರೆ ಅಣ್ಣ ಫೋನು ಇಡಲಿಲ್ಲ.

“ಸರಿನಪ್ಪ. ನೀರು ಇಳಿದ್ರೆ ಮೊದಲು ಏನು ಮಾಡ್ಬೇಕು?”

ಆ ಕಡೆಯಿಂದ ದನಿ ಬಂತು, ನಯವಾಗಿ, ಒಂದಿಷ್ಟೂ ತಡವರಿಸದೆ.

“ತುಂಬಾ ಒಳ್ಳೇ ಪ್ರಶ್ನೆ ಸಾರ್.”

ಉತ್ತರ ತಿಳಿಯದಾಗ ಹಾಗೆ ಶುರು ಮಾಡಬೇಕೆಂದು ಕಲಿಸಿದವನು ಅಣ್ಣನೇ. ಅವನು ಫೋನು ಕೆಳಗಿಟ್ಟ. ನಾಳೆ ನೀನು ಹೊಸ್ತಿಲು ದಾಟಕೂಡದು ಎಂದು ನಾನು ಮಗಳ ಕೈ ಹಿಡಿದುಕೊಂಡೆ.

“ನಾನು ಹೋಗ್ದಿದ್ರೂ ಬಾಯ್ಲರ್ ಹಚ್ತಾರಮ್ಮ,” ಅಂದಳು.