ಪಾಂಗ್ ಮೇಸ್ತ್ರಿಯ ಬೆನ್ನು

ಯುಯಾವ್ ಪಟ್ಟಣದ ಯಾವ ಪ್ಲಾಸ್ಟಿಕ್ ಕಾರ್ಖಾನೆಗೆ ಹೋದರೂ ಇಂಥ ಒಬ್ಬ ಮೇಸ್ತ್ರಿ ಸಿಗುತ್ತಾರೆ. ನಮ್ಮ ಪಾಲಿಗೆ ಸಿಕ್ಕವರು ಪಾಂಗ್ ಮೇಸ್ತ್ರಿ. ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬುವ ಯಂತ್ರದ ಶಾಖ, ಒತ್ತಡಗಳ ತಿರುಗುಗುಂಡಿಗಳಿಗೆ ಅವರು ಕೈಯಿಟ್ಟರೆಂದರೆ ಬಕೆಟ್‌ಗಳು ಒಂದೂ ಬಿರುಕಿಲ್ಲದೆ ಉದುರುತ್ತಿದ್ದವು. ಕೈಯಿಡುವಾಗ ಮಾತ್ರ ಅಗಲವಾದ ಬೆನ್ನನ್ನು ಬಾಗಿಲಿನಂತೆ ಅಡ್ಡ ಹಾಕುತ್ತಿದ್ದರು. ಪಾಳಿ ಮುಗಿದದ್ದೇ ಗುಂಡಿಗಳನ್ನೆಲ್ಲ ಎಡಕ್ಕೆ ತಿರುಗಿಸಿ ಸೊನ್ನೆಗೆ ತಂದು, ಬೆರಳಿನ ಗುರುತೂ ಉಳಿಯದಂತೆ ಒರೆಸಿ, ಚಹಾದ ಫ್ಲಾಸ್ಕ್ ಎತ್ತಿಕೊಂಡು ಹೊರಡುತ್ತಿದ್ದರು. ಒತ್ತಡ ಎಷ್ಟಿಟ್ಟಿರಿ ಎಂದು ಕೇಳಿದರೆ, “ಎಲ್ಲಾ ಅಂದಾಜು ಕಣಯ್ಯಾ, ಅಂದಾಜು!” ‘ತಿಳಿದದ್ದನ್ನು ಹಂಚೋಣ, ಹೊಸದನ್ನು ಹುಡುಕೋಣ’ ಎಂಬ ಕೆಂಪು ಬ್ಯಾನರಿನ ಕೆಳಗೆ ಮಾಲೀಕರು ದಪ್ಪ ನೋಟ್‌ಬುಕ್ ಕೊಟ್ಟು ಬರೆಯಲು ಹೇಳಿದಾಗ, ತಿಂಗಳಿಡೀ ಯೋಚಿಸಿ ಒಂದೇ ಸಾಲು ಬರೆದರು: ‘ಯಂತ್ರ ಚೊಕ್ಕಟವಾಗಿರಲಿ.’ ನಾನು ರೇಗಿ, “ಸತ್ತಾಗ ತಲೆ ಮೇಲೆ ಹೊತ್ಕೊಂಡು ಹೋಗ್ತೀರಾ ಮೇಸ್ತ್ರಿ?” ಎಂದೆ. ಅವರು ನಗಲಿಲ್ಲ. “ನಂಗೆ ಕಲಿಸಿದ ಶೆನ್ ಮೇಸ್ತ್ರಿ ಎಲ್ಲಾ ಬರ್ದು ಕೊಟ್ರು. ಇದೇ ಮಾಲೀಕರು ಸನ್ಮಾನ ಅಂತ ಅವ್ರ ಎದೆಗೆ ಕೆಂಪು ಹೂ ಸಿಕ್ಸಿದ್ರು. ಮುಂದಿನ ತಿಂಗಳೇ ಗೇಟಿಂದ ಆಚೆ ಕಳ್ಸಿದ್ರು.” ಕಳೆದ ಚಳಿಗಾಲದಲ್ಲಿ ಪಾಂಗ್ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಕೆಟ್‌ಗಳೆಲ್ಲ ಬಿರುಕು ಬಿಡತೊಡಗಿ, ನಮ್ಮಲ್ಲಿ ಅರ್ಧ ಜನ ಕೆಲಸ ಕಳೆದುಕೊಂಡರು. ಉಳಿದವರು ಆ ನೋಟ್‌ಬುಕ್ ಹಿಡಿದು ಆಸ್ಪತ್ರೆಗೆ ಹೋದೆವು. ಅವರ ಮಾತು ನಿಂತುಹೋಗಿತ್ತು. ನಮ್ಮ ಗುರುತೂ ಹತ್ತಲಿಲ್ಲ. ಬಲಗೈ ಮಾತ್ರ ಹೊದಿಕೆಯ ಮೇಲೆ ಏನನ್ನೋ ಹಿಡಿದು ಎಡಕ್ಕೆ, ಪೂರ್ತಿ ಎಡಕ್ಕೆ ತಿರುಗಿಸುತ್ತಿತ್ತು. ಆಮೇಲೆ ಮೆಲ್ಲನೆ ಒರೆಸುತ್ತಿತ್ತು.